ವರ್ಧಮಾನಯ್ಯನ ಮಾರ್ಕ್‌ಡೌನ್ ಜಾಣತನ

ಕಾಟ್ಟಿಕುಳಂನ ಕಾಳುಮೆಣಸಿನ ವ್ಯಾಪಾರಿ ವರ್ಧಮಾನಯ್ಯ ಚೀಲದ ತಳ ಮುಟ್ಟದೆ ಮಾಲು ಕೊಂಡವನಲ್ಲ. ಫೋನಿನ ಟಿಪ್ಪಣಿಗೂ ಅದೇ ಚಾಳಿ: ಅಕ್ಷರ ನೇರವಾಗಿ ದಪ್ಪಗೆ ಕಾಣುವ ಸುಲಭದ ಬಗೆ ಬಿಟ್ಟು, ಮುಖ್ಯ ಮಾತಿನ ಎರಡೂ ಬದಿಗೆ ನಕ್ಷತ್ರ ಹಾಕುವ, ಆ ಗುರುತುಗಳೆಲ್ಲ ಹೊರಗೇ ಕಾಣುವ ಮಾರ್ಕ್‌ಡೌನ್ ಎಂಬ ಬಗೆ ಹಿಡಿದಿದ್ದ.

ಬಸದಿಯ ಅಭಿಷೇಕಕ್ಕೆ ಹೊರಟವನು ಅಂಗಡಿ ವಹಿಸಲು ಹೆಂಡತಿ ಪದ್ಮಾವತಿಗೆ ಟಿಪ್ಪಣಿ ತೋರಿಸಿದ.

“ಏನ್ರೀ, ನೊಣ ಕೂತಂಗಿದೆ! ಇನ್ನೂ ಒಣಗಿಸ್ಬೇಕಾದ ಚೀಲ ಯಾವ್ದು?”

“ನಕ್ಷತ್ರಗಳ ನಡುವೆ ಇರೋದೇ ಮುಖ್ಯ ಕಣೇ, ಒಣಗಿಸೋ ಚೀಲಾನೂ ಅದೇ.”

“ನಂಗೆ ಜ್ಯೋತಿಷ್ಯ ಬರಲ್ಲ. ನೆಟ್ಟಗೆ ಕಾಣೋ ಹಾಗೆ ಮಾಡಿ, ಇಲ್ಲಾಂದ್ರೆ ಅಂಗಡಿ ನೀವೇ ನೋಡ್ಕೊಳ್ಳಿ!”

ಅವನು ಹತ್ತಬೇಕಾದ ಬಸ್ಸು ತಿರುವಿನಲ್ಲಿ ಕಾಣಿಸಿತು. ಸೋತು, ಗುರುತು ಅಡಗಿಸಿ ಅಕ್ಷರ ದಪ್ಪಗೆ ತೋರಿಸುವ ಗುಂಡಿ ಒತ್ತಿದ. ಗುರುತುಗಳು ಮಾಯವಾಗಿ ಟಿಪ್ಪಣಿ ಪೂರ್ತಿ ದಪ್ಪಕ್ಷರವಾಯಿತು. ಸಾಲು ಸಾಲಿಗೂ ನಕ್ಷತ್ರ ಹಾಕಿ ಮುಖ್ಯವೆಂದು ಬರೆದವನು ತಾನೇ.

“ಮುಖ್ಯ ಅಲ್ಲದ್ದು ಏನಾದ್ರೂ ಇದ್ಯಾ?” ಎಂದಳು ಪದ್ಮಾವತಿ.

ಒಣಗಿಸಬೇಕಾದ್ದು ಯಾವ ಚೀಲವೆಂದು ಅವನಿಗೂ ನೆನಪಿರಲಿಲ್ಲ. ಅಭಿಷೇಕದ ಪುಣ್ಯ ಬಸ್ಸು ಹತ್ತಿ ಹೋಯಿತು, ಜಾಣ ವ್ಯಾಪಾರಿ ಅಂಗಡಿಯಲ್ಲೇ ಉಳಿದ.