ನೀಲವ್ವಜ್ಜಿಯ ಕೋಣೆಯ ಸ್ವಿಚ್ಚು

ಆಗೆಲ್ಲ ಕಾಶಿಯ ಹನುಮಾನ್ ಘಾಟಿನ ನಮ್ಮ ಗಲ್ಲಿಯಲ್ಲಿ ಹಿಂದಿ ಬಾರದ ಕನ್ನಡದ ಅಜ್ಜಿಯರಿಗೆ ಒಂದೊಂದು ಮಗು ಇರುತ್ತಿತ್ತು. ಹೆತ್ತದ್ದಲ್ಲ, ಮೊಮ್ಮಗುವೂ ಅಲ್ಲ. ಮಾತಿಗಾಗಿ ಎರವಲು ಪಡೆದದ್ದು. ತರಕಾರಿ ಗಾಡಿ ಬಂದಾಗ, ಗ್ಯಾಸಿನವನು ಬಂದಾಗ, ಡಾಕ್ಟರ ಹತ್ತಿರ ಹೋಗಬೇಕಾದಾಗ ಆ ಮಗುವನ್ನು ಕೂಗುತ್ತಿದ್ದರು. ತಂದೆತಾಯಿಯ ಭಾಷೆ ನಡೆಯದ ಊರಿನಲ್ಲಿ ಬೆಳೆದವರಿಗೆ ಈ ಕೆಲಸ ಗೊತ್ತಿರುತ್ತದೆ. ಇಬ್ಬರು ದೊಡ್ಡವರ ನಡುವೆ ನಿಂತು, ಒಬ್ಬರ ಮುಖ ನೋಡುತ್ತ ಕೇಳಿಸಿಕೊಂಡು, ಇನ್ನೊಬ್ಬರ ಮುಖ ನೋಡುತ್ತ ಹೇಳುವುದು. ನಾನು ನೀಲವ್ವಜ್ಜಿಯ ಪಾಲಿಗೆ ಬಂದಿದ್ದೆ. ಆಗ ನನಗೆ ಹನ್ನೊಂದು ವರ್ಷ.

ಅಪ್ಪ ಯಾತ್ರಿಕರಿಗೆ ಕೋಣೆ ಕೊಡುವ ಒಂದು ಹಳೆಯ ಮನೆಯನ್ನು ನೋಡಿಕೊಳ್ಳುತ್ತಿದ್ದ. ಕೆಳಗಿನ ಎರಡು ಕೋಣೆಗಳಲ್ಲಿ ನಾವು ಇದ್ದೆವು. ಮೇಲಿನ ಮಹಡಿಯ ಕಟ್ಟಕಡೆಯ ಕೋಣೆ ನೀಲವ್ವಜ್ಜಿಯದು. ಕಿಟಕಿ ಇರಲಿಲ್ಲ, ಬಾಗಿಲು ತೆರೆದರೆ ನಡುಮನೆಯ ಮೇಲಿನ ಕಬ್ಬಿಣದ ಜಾಲರಿಯಿಂದ ಇಳಿದ ಬೆಳಕು ಅಷ್ಟಿಷ್ಟು ಬರುತ್ತಿತ್ತು. ಅಜ್ಜಿ ಗದಗಿನ ಕಡೆಯವಳು. ಗಂಡ ತೀರಿಕೊಂಡ ಮೇಲೆ ಕಾಶಿಗೆ ಬಂದು, ಗಂಗೆಯಲ್ಲಿ ಮುಳುಗೆದ್ದು, ಇನ್ನು ಈ ಊರು ಬಿಟ್ಟು ಹೆಜ್ಜೆ ಇಡುವುದಿಲ್ಲ ಎಂದು ಸಂಕಲ್ಪ ಮಾಡಿದ್ದಳು. ಅದಾಗಿ ಒಂಬತ್ತು ವರ್ಷ ಕಳೆದಿತ್ತು. ನಾವೆಲ್ಲ ದೋಣಿ ಹತ್ತಿ ಆಚೆ ದಡದ ಮರಳಿನಲ್ಲಿ ಆಡಲು ಹೋದಾಗಲೂ ಆಕೆ ಮೆಟ್ಟಿಲ ಮೇಲೇ ಕೂತಿರುತ್ತಿದ್ದಳು. “ಆಚಿ ದಂಡಿ ಕಾಶಿ ಅಲ್ಲವಾ,” ಎನ್ನುತ್ತಿದ್ದಳು. ನನ್ನ ಕೆಲಸಕ್ಕೆ ಸಿಗುತ್ತಿದ್ದುದು ಶೇಂಗಾ ಉಂಡಿ. ಅದನ್ನು ಕಟ್ಟುವಾಗ ಬೆಲ್ಲದ ಪಾಕದ ವಾಸನೆ ಕೆಳಗಿನವರೆಗೂ ಇಳಿದು ಬರುತ್ತಿತ್ತು. ಅಜ್ಜಿ ಕರೆಯದಿದ್ದರೂ ನಾನು ಮೆಟ್ಟಿಲು ಹತ್ತುತ್ತಿದ್ದೆ.

ಆ ಚಳಿಗಾಲ ಮಂಜು ಹೆಚ್ಚು. ಮಧ್ಯಾಹ್ನವಾದರೂ ಗಲ್ಲಿಯಲ್ಲಿ ಕಚೋರಿ ಕರಿದ ಎಣ್ಣೆಯ ವಾಸನೆ, ಒದ್ದೆ ಚೆಂಡುಹೂವಿನ ವಾಸನೆ ಮೇಲೇಳದೆ ನೆಲದ ಮಟ್ಟದಲ್ಲೇ ನಿಂತಿರುತ್ತಿತ್ತು. ಬೆಳಿಗ್ಗೆ ಮಣ್ಣಿನ ಕುಡಿಕೆಯಲ್ಲಿ ಮಲೈಯೋ ಮಾರಲು ಬರುತ್ತಿತ್ತು. ಕೇಸರಿ ಬಣ್ಣದ ಆ ಹಾಲಿನ ನೊರೆ ಚಳಿಗಾಲದಲ್ಲಷ್ಟೇ ಸಿಗುವುದು. ಬಾಯಿಗಿಟ್ಟರೆ ಏನೂ ಇಟ್ಟಂತಿರುವುದಿಲ್ಲ. ಸಂಕ್ರಾಂತಿಗೆ ಇಲ್ಲಿ ಖಿಚಡಿ ಎನ್ನುತ್ತಾರೆ. ಅದಕ್ಕೆ ತಿಂಗಳಿರುವಾಗಲೇ ಮಾಳಿಗೆಗಳ ಮೇಲೆ ಪಟ ಹಾರಿಸುವವರ ಕೂಗು ಶುರುವಾಗಿತ್ತು.

ಅದಕ್ಕೂ ಮೊದಲು, ದೀಪಾವಳಿಯ ಹೊತ್ತಿಗೆ, ಅಪ್ಪ ಮನೆಯ ಹಳೆಯ ಬಲ್ಬುಗಳನ್ನೆಲ್ಲ ತೆಗೆದು ಎಲ್‌ಇಡಿ ಬಲ್ಬು ಹಾಕಿದ್ದ. ಅಜ್ಜಿಯ ಕೋಣೆಯ ಬಲ್ಬು ಗೋಡೆಯ ಮೇಲೆ ದೇವರ ಗೂಡಿನ ಪಕ್ಕದಲ್ಲಿ, ಹಿತ್ತಾಳೆಯ ಹಳೆಯ ಹೋಲ್ಡರಿನಲ್ಲಿತ್ತು. ಸ್ವಿಚ್ಚು ಕರಿಯದು, ಉರುಟಾದದ್ದು. ಎರಡು ಸಲ ಒತ್ತಿದರೆ ಒಂದು ಸಲ ಕೇಳುತ್ತಿತ್ತು. ಒತ್ತಿದಾಗ ಒಳಗೆ ಚಿರ್ ಎಂದು, ಸುಟ್ಟ ಅಂಗಿಗುಂಡಿಯಂಥ ವಾಸನೆ ಬರುತ್ತಿತ್ತು.

ಒಂದು ದಿನ ಅಜ್ಜಿ ಕರೆದಳು. “ತಂಗೀ, ಈ ದೀಪ ಆರಾಂಗಿಲ್ಲ ನೋಡು.”

“ಆರೈತಲ್ಲ ಅಜ್ಜಿ.”

“ಆರಿದಂಗ ಮಾಡ್ತೈತಿ. ನಿದ್ದಿ ಬಂದಂಗ ಬಿದ್ಕೊಂಡಿರೋ ಕೂಸಿನಂಗ, ಒಳಗ ಎಚ್ಚರ ಇರ್ತೈತಿ. ದೇವರ ಗೂಡು ಒರಸೂಮುಂದ ಕೈ ತಾಕಿದ್ರ ಕಡೀತೈತಿ. ಬಂದ್ ಮಾಡಿದ್ರೂ ಕಡೀತೈತಿ. ಮಿಸ್ತ್ರಿನ್ನ ಕರಕೊಂಡ್ ಬಾ. ಇದಿಷ್ಟೂ ಅವಂಗ ಹೇಳಬೇಕು.”

ಸೋನಾರ್‌ಪುರದ ರಸ್ತೆಯಲ್ಲಿ ರಾಮ್‌ಜನಮ್ ಮಿಸ್ತ್ರಿಯ ಅಂಗಡಿ ಇತ್ತು. ಫ್ಯಾನು, ಮೋಟಾರು, ವೈರಿಂಗು ಎಲ್ಲ ಮಾಡುತ್ತಿದ್ದ. ಅವನ ಮಗಳು ಪೂಜಾ ನನ್ನ ತರಗತಿಯವಳು. ಆಗಲೇ ಶಾಲೆಯಲ್ಲಿ ನನಗೆ ‘ಮದ್ರಾಸಿ’ ಎಂಬ ಹೆಸರಿತ್ತು. ನಾವು ಮನೆಯಲ್ಲಿ ಆಡುವ ಮಾತನ್ನು ಅವಳು ‘ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ’ ಎಂದು ಮಾಡಿ ತೋರಿಸುತ್ತಿದ್ದಳು.

ಮಿಸ್ತ್ರಿ ಬಂದ. ಅಜ್ಜಿ ಬಾಗಿಲ ಬಳಿ ನಿಂತು, ಕೈ ಆಡಿಸುತ್ತ, ನಿಧಾನವಾಗಿ ಎಲ್ಲವನ್ನೂ ಹೇಳಿದಳು: ಆರಿದ ಮೇಲೂ ಉರಿಯುವುದು, ಕಡಿಯುವುದು, ಯಾವ ಕೈಗೆ, ಎಷ್ಟು ಸಲ. ಮಿಸ್ತ್ರಿ ನನ್ನ ಕಡೆ ತಿರುಗಿದ. “ಮಾಈ ಕಾ ಕಹತ್ ಹಈಂ?”

ಅಜ್ಜಿ ಏನು ಹೇಳುತ್ತಿದ್ದಾರೆ ಎಂದು ಅವನು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಪೂಜಾ. ನಿಮ್ಮ ಅಜ್ಜಿಯ ಕೋಣೆಯ ದೀಪ ಕಚ್ಚುತ್ತದಂತೆ, ಎಂದು ನಾಳೆ ತರಗತಿಯಲ್ಲಿ ಕೂಗುತ್ತಾಳೆ. ನಾನು ಹೇಳಿದೆ: “ಸ್ವಿಚ್ ಢೀಲಾ ಹೈ.”

ಸ್ವಿಚ್ಚು ಸಡಿಲಾಗಿದೆ. ಅದು ಸುಳ್ಳೇನೂ ಅಲ್ಲ.

ಮಿಸ್ತ್ರಿ ನಕ್ಕ. “ಇತನಾ ಲಂಬಾ ಬೋಲೀಂ, ಔರ್ ಬಾತ್ ಬಸ್ ಇತನೀ?” ಅಷ್ಟುದ್ದ ಹೇಳಿದ್ದು ಇಷ್ಟೇ ಮಾತೇ ಎಂದವನಿಗೆ, ನಮ್ಮ ಭಾಷೆಯೇ ಹಾಗೆ ಚಾಚಾ, ಉದ್ದ, ಎಂದೆ. ಅವನು ಕೆಳಗೆ ಹೋಗಿ ಮೇನ್ ಸ್ವಿಚ್ಚು ಇಳಿಸಿ ಬಂದ. ಹಳೆಯ ಸ್ವಿಚ್ಚು ಬಿಚ್ಚಿ, ಅದರ ಎರಡು ವೈರುಗಳ ತುದಿ ಕೆರೆದು, ಹೊಸ ಬಿಳಿ ಸ್ವಿಚ್ಚಿಗೆ ಸಿಕ್ಕಿಸಿ ಸ್ಕ್ರೂ ಬಿಗಿದ. ಹತ್ತು ನಿಮಿಷವೂ ಆಗಲಿಲ್ಲ. ಒತ್ತಿದರೆ ಬೆಳಗಿತು, ಮತ್ತೆ ಒತ್ತಿದರೆ ಆರಿತು. ಅಜ್ಜಿ ನನ್ನನ್ನು ಕೇಳಿದಳು, “ಎಲ್ಲಾ ರಿಪೇರಿ ಆತಂತೇನು?” ನಾನು ಹೂಂ ಎಂದೆ.

ಮರುದಿನವೇ ಅಪ್ಪನಿಗೆ ಕರೆ ಹೋಯಿತು. “ಇನ್ನೂ ಹಂಗ ಐತಪಾ.” ಅಪ್ಪ ಬಾಗಿಲಲ್ಲಿ ನಿಂತು ಸ್ವಿಚ್ಚು ಒತ್ತಿದ, ಮತ್ತೆ ಒತ್ತಿದ. “ಅಮ್ಮಾರ, ಹೊಸಾ ಸ್ವಿಚ್ಚು. ಆರೈತಿ ನೋಡ್ರಿ.”

“ಬಾಗಲಾ ಮುಚ್ಚಿ, ಒಂದೀಟು ಕುಂತು ನೋಡು.”

“ನೋಡ್ತೀನಿ, ಆಮ್ಯಾಲ ನೋಡ್ತೀನಿ. ಕೆಳಗ ಮಂದಿ ಬಂದಾರ್ರೀ.”

ಅವನ ಆ ‘ಆಮೇಲೆ’ ಬರಲೇ ಇಲ್ಲ. ಅಜ್ಜಿ ಆ ಬಲ್ಬನ್ನು ಹಚ್ಚುವುದನ್ನೇ ಬಿಟ್ಟಳು. ಹೋಲ್ಡರಿನ ಕೆಳಗೆ ಟ್ರಂಕನ್ನು ಅಡ್ಡ ಇಟ್ಟು, ಯಾರೂ ಹತ್ತಿರ ಹೋಗಕೂಡದು ಎಂದಳು. ಹಾಸಿಗೆಯ ಪಕ್ಕದಲ್ಲಿ ಎಣ್ಣೆಯ ಹಣತೆ ಬಂತು. ಒಂದು ವಾರದಲ್ಲಿ ಆಕೆಯ ಶಾಲಿನ ಅಂಚು ಅಂಗೈಯಗಲ ಸುಟ್ಟಿತು. ಆ ಶಾಲನ್ನು ಕೈಯಲ್ಲಿ ಹಿಡಿದುಕೊಂಡೇ ಅಪ್ಪ ಗದಗಿಗೆ, ಅಜ್ಜಿಯ ತವರಿಗೆ, ಫೋನು ಮಾಡಿದ. ನಾನು ಪಕ್ಕದಲ್ಲೇ ಕೂತು ಗಣಿತ ಮಾಡುತ್ತಿದ್ದೆ. “ದೀಪ ಕಡೀತೈತಿ ಅಂತಾರ್ರೀ… ಮಿಸ್ತ್ರಿ ನೋಡಿ ಹೋದ, ಏನಿಲ್ಲ… ವಯಸ್ಸಾತು ನೋಡ್ರಿ. ಒಬ್ಬಾಕೀನ ಬಿಡೂದು ಇನ್ನ ಕಷ್ಟ.”

ಅಪ್ಪನನ್ನು ದೂರುವಂತಿಲ್ಲ. ಮಿಸ್ತ್ರಿ ನೋಡಿ ಹೋಗಿದ್ದ ಎಂದೇ ಅವನು ತಿಳಿದಿದ್ದ. ಮಿಸ್ತ್ರಿಗೆ ಏನನ್ನು ನೋಡಬೇಕೆಂದು ಹೇಳಿರಲಿಲ್ಲ ಎನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಆದರೂ ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಅಜ್ಜಿಗೆ ನಿಜವಾಗಿಯೂ ಭ್ರಮೆ ಇರಬಹುದು, ಹಾಗಿದ್ದರೆ ನಾನು ಬಿಟ್ಟ ಮಾತಿಗೆ ಬೆಲೆಯೇ ಇಲ್ಲ ಎಂದು ಲೆಕ್ಕ ಹಾಕಿಕೊಂಡಿದ್ದೆ.

ಅಜ್ಜಿಯ ತಮ್ಮನ ಮಗ ಬಸಣ್ಣ ನಾಲ್ಕನೆಯ ದಿನ ಬಂದ. ಎರಡು ಸ್ವೆಟರಿನ ಮೇಲೆ ಒಂದು ಕೋಟು, ಅದರ ಮೇಲೆ ರೈಲಿನಲ್ಲಿ ಕೊಂಡ ಮಂಗನ ಟೊಪ್ಪಿಗೆ. “ಏನ್ ಥಂಡಿ ಮಾರಾಯ! ಮುಂಜಾನೆದ್ದು ಜಿಲೇಬಿ ತಿಂತಾರಲ್ಲ, ಈ ಊರ ಮಂದಿಗೆ ಹೊಟ್ಟಿ ಐತೋ ಗಡಗಿ ಐತೋ?” ಎಂದು ನಮ್ಮನ್ನೆಲ್ಲ ನಗಿಸಿದ. ಕೆಟ್ಟ ಮನುಷ್ಯನಲ್ಲ. ಅಜ್ಜಿಯ ಕಾಲು ಮುಟ್ಟಿ, ಮರುದಿನದ ಗಾಡಿಗೆ ಇಬ್ಬರ ಟಿಕೆಟು ಆಗಿದೆ ಎಂದ.

“ನಾ ಬರಾಂಗಿಲ್ಲ ಬಸ್ಯಾ.”

“ಅತ್ತಿ, ಹಟಾ ಮಾಡಬ್ಯಾಡ. ಮನ್ಯಾಗ ಎಲ್ಲಾರೂ ಇದ್ದೀವಿ, ನೋಡ್ಕೋತೀವಿ.”

“ನೋಡ್ಕೋತೀರಿ, ನಂಗೊತ್ತು. ಸಾಯಾಕ ಬಂದಾಕೀನ ಬದುಕಾಕ ಕರಕೊಂಡ್ ಹೊಂಟೀಯಲ್ಲೋ.”

“ದೀಪ ಮಾತಾಡ್ತೈತಿ ಅಂದ್ರ ಯಾರ್ ಸುಮ್ನಿರ್ತಾರ ಅತ್ತಿ?”

“ಮಾತಾಡ್ತೈತಿ ಅಂತ ನಾ ಯಾವಾಗ ಅಂದೆ? ಉರೀತೈತಿ ಅಂದೆ. ಕಡೀತೈತಿ ಅಂದೆ. ಇಲ್ಲದ್ದು ಸೇರಸಬ್ಯಾಡ.”

ಬಸಣ್ಣ ಟ್ರಂಕು ಎಳೆದು ಅದರೊಳಗೆ ಸೀರೆಗಳನ್ನು ಇಡತೊಡಗಿದ. ಅಜ್ಜಿ ಅಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, ಅವನಿಗೆ, “ನೀ ಹೋಗಿ ಚಾ ಕುಡದು ಬಾ,” ಎಂದು ಕಳಿಸಿದಳು. ಆಮೇಲೆ ನನಗೆ ಹೇಳಿದಳು. “ದೀಪ ಹಚ್ಚಿ ಆರಸು. ಬಾಗಲಾ ಹಾಕು. ನನ್ನ ಬಾಜೂಕ ಕುಂತು ನೂರತನಾ ಎಣಸು. ಏನೂ ಕಾಣದಿದ್ರ ನಾ ಸುಮ್ಮನ ಅವನ ಕೂಡ ಹೋಗ್ತೀನಿ.”

ಹೊರಗೆ ಮಧ್ಯಾಹ್ನದ ಮಂಜು. ಬಾಗಿಲು ಹಾಕಿದ ಮೇಲೆ ನನ್ನ ಕೈ ನನಗೇ ಕಾಣಲಿಲ್ಲ. ಹತ್ತಿರದಲ್ಲಿ ಅಜ್ಜಿಯ ಉಸಿರು, ವಿಭೂತಿಯ ವಾಸನೆ. ನಾನು ಎಣಿಸಿದೆ. ಮೂವತ್ತರವರೆಗೆ ಬರೀ ಕತ್ತಲೆ. ನಲವತ್ತು ದಾಟಿದ ಮೇಲೆ ಗೋಡೆಯ ಮೇಲೆ ಒಂದು ಮಸುಕು ಕಂಡಿತು. ಕಣ್ಣಿನದೇ ಇರಬೇಕು ಎಂದುಕೊಂಡೆ. ಅರವತ್ತರ ಹೊತ್ತಿಗೆ ಅದು ದುಂಡಗಾಯಿತು. ಬಲ್ಬಿನ ಹೊಟ್ಟೆಯಲ್ಲಿ, ಉಗುರಿನ ಬುಡದ ಬಿಳುಪಿನಷ್ಟು ಸಣ್ಣ ಬೆಳಕು. ಅಲುಗಾಡದೆ ಉರಿಯುತ್ತಿತ್ತು.

“ಕಂಡ್ತೇನು?” ಅಜ್ಜಿ ಕೇಳಿದಳು.

ನಾನು ಎದ್ದು ಓಡಿದೆ. ಸೋನಾರ್‌ಪುರದ ರಸ್ತೆಯಲ್ಲಿ ಇ-ರಿಕ್ಷಾಗಳ ನಡುವೆ ನುಗ್ಗಿ ಹೋಗಿ, ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ ಮಿಸ್ತ್ರಿಗೆ ಅಜ್ಜಿಯ ಮಾತನ್ನು ಒಂದೂ ಬಿಡದೆ ಹೇಳಿದೆ. ಆರಿಸಿದ ಮೇಲೂ ಉರಿಯುತ್ತದೆ. ಮುಟ್ಟಿದರೆ ಕರೆಂಟು ಹೊಡೆಯುತ್ತದೆ, ಸ್ವಿಚ್ಚು ಬಂದ್ ಇದ್ದರೂ. ಪೂಜಾ ಅಲ್ಲೇ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದಳು. ಮಿಸ್ತ್ರಿ ನಗಲಿಲ್ಲ. ಚಹಾದ ಲೋಟವನ್ನು ಅರ್ಧಕ್ಕೇ ಇಟ್ಟು ಚೀಲ ಎತ್ತಿಕೊಂಡ.

ನಾವು ಮೇಲೆ ಹೋದಾಗ ಕೋಣೆಯಲ್ಲಿ ಅಪ್ಪನೂ ಬಸಣ್ಣನೂ ಇದ್ದರು. “ನೋಡೂಣು, ಈಗ ನನ್ನ ಕಡೀತೈತೇನು,” ಎನ್ನುತ್ತ ಬಸಣ್ಣ ಹೋಲ್ಡರಿನತ್ತ ಕೈ ಎತ್ತಿದ್ದ.

“ಹಾಥ್ ಮತ್ ಲಗಾನಾ!” ಕೈ ಹಚ್ಚಬೇಡ ಎಂದು ಮಿಸ್ತ್ರಿ ಬಾಗಿಲಿನಿಂದಲೇ ಕೂಗಿದ ರಭಸಕ್ಕೆ ಬಸಣ್ಣ ಹಾಸಿಗೆಯ ಮೇಲೆ ಕುಳಿತುಬಿಟ್ಟ.

ಸ್ವಿಚ್ಚು ಬಂದ್ ಇದೆ ಎಂದು ಎರಡು ಸಲ ನೋಡಿಕೊಂಡು ಮಿಸ್ತ್ರಿ ಟೆಸ್ಟರನ್ನು ಹಿತ್ತಾಳೆಯ ಹೋಲ್ಡರಿಗೆ ತಾಗಿಸಿದ. ಟೆಸ್ಟರಿನೊಳಗಿನ ಕೆಂಪು ದೀಪ ಹತ್ತಿತು. ಅವನು ಅಪ್ಪನಿಗೆ ವಿವರಿಸಿದ. ಸ್ವಿಚ್ಚು ತಡೆಯಬೇಕಾದದ್ದು ಕರೆಂಟು ಬರುವ ವೈರನ್ನು, ಅಂದರೆ ಫೇಸನ್ನು. ಯಾವ ಕಾಲದಲ್ಲೋ ಯಾರೋ ಅದನ್ನು ಅದಲುಬದಲು ಮಾಡಿ, ಸ್ವಿಚ್ಚಿಗೆ ನ್ಯೂಟ್ರಲ್, ಅಂದರೆ ಕರೆಂಟು ಮರಳುವ ವೈರು, ಕೊಟ್ಟಿದ್ದಾರೆ. ಹಾಗಾಗಿ ಸ್ವಿಚ್ಚು ಆರಿಸಿದರೂ ಕರೆಂಟು ಹೋಲ್ಡರಿನವರೆಗೆ ಬಂದು ಕಾಯುತ್ತಿರುತ್ತದೆ. ಅದರಲ್ಲಿ ಸೋರುವ ಇಷ್ಟು ಕಡಿಮೆ ಕರೆಂಟಿಗೆ ಹಳೆಯ ಬಲ್ಬು ಉರಿಯುತ್ತಿರಲಿಲ್ಲ, ಹಾಗಾಗಿ ಯಾರಿಗೂ ತಿಳಿಯಲಿಲ್ಲ. ಎಲ್‌ಇಡಿಗೆ ಅಷ್ಟೇ ಸಾಕು. ಈ ಚಳಿಯಲ್ಲಿ ಗೋಡೆ ಬೇರೆ ಒದ್ದೆ, ಹಳೆಯ ಹೋಲ್ಡರಿನ ಒಳಗಿಂದ ಹಿತ್ತಾಳೆಗೂ ಕರೆಂಟು ಸೋರುತ್ತಿದೆ. ಒದ್ದೆ ಬಟ್ಟೆ ಹಿಡಿದ ಕೈ ಇಲ್ಲಿ ಸರಿಯಾಗಿ ತಾಗಿದ್ದರೆ ಮಾಈ ಇಷ್ಟು ಹೊತ್ತಿಗೆ ಮಣಿಕರ್ಣಿಕೆಯ ಚಿತೆಯ ಮೇಲಿರುತ್ತಿದ್ದರು.

ಆಮೇಲೆ ಅವನು ನನ್ನ ಕಡೆ ತಿರುಗಿದ. ಸಿಟ್ಟಿನಿಂದಲ್ಲ. “ಬಿಟಿಯಾ, ಈ ಬಾತ್ ಪಹಿಲೇ ಕಾಹೇ ನಾಹೀಂ ಬತವಲೂ?”

ಅಪ್ಪನಿಗೆ ಅರ್ಥವಾಯಿತು. ಅವನು ನನ್ನನ್ನು ನೋಡಿದ. ಅಜ್ಜಿಗೆ ಅರ್ಥವಾಗಲಿಲ್ಲ. ಯಾವಾಗಲೂ ಮಾಡುವಂತೆ ನನ್ನ ಮುಖ ನೋಡಿ ಕೇಳಿದಳು. “ಏನಂತಾನವಾ ಅಂವ?”

ಬೇರೆ ಏನಾದರೂ ಹೇಳಬಹುದಿತ್ತು. ಹೇಗೆ ಹೇಳುವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

“ಇದನ್ನ ಮೊದಲ ಯಾಕ ಹೇಳಲಿಲ್ಲ ಅಂತ ಕೇಳಾಕತ್ತಾನ.”

“ಯಾರು?”

“ನಾನು, ಅಜ್ಜಿ. ಸ್ವಿಚ್ಚು ಸಡಿಲ ಐತಿ ಅಂತ ಅಷ್ಟ ಹೇಳಿದ್ದೆ. ಉಳಿದದ್ದು ಹೇಳಿರಲಿಲ್ಲ.”

ಅಜ್ಜಿ “ಹೂಂ,” ಎಂದಳು. “ಅವಂಗ ಚಾ ಕುಡದು ಹೋಗು ಅನ್ನು.”

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ.

ಮಿಸ್ತ್ರಿ ಮತ್ತೆ ಮೇನ್ ಇಳಿಸಿ, ಮೊಗಸಾಲೆಯ ಗೋಡೆಯಲ್ಲಿ ವೈರು ಮುಚ್ಚಿದ್ದ ಮರದ ಪಟ್ಟಿ ಬಿಚ್ಚಿದ. ಒಳಗೆ ಎರಡು ವೈರುಗಳೂ ಒಂದೇ ರೀತಿ ಕರ್ರಗಾಗಿದ್ದವು. ಬಟ್ಟೆಯ ಟೇಪು ಸುಲಿದು, ಜೋಡಣೆ ಅದಲುಬದಲು ಮಾಡಿ, ಹಿತ್ತಾಳೆಯದನ್ನು ಕಿತ್ತು ಬಿಳಿಯ ಹೋಲ್ಡರು ಹಾಕಿದ. ಮೇನ್ ಎತ್ತಿ, ದೀಪ ಹಚ್ಚಿ ಆರಿಸಿ, ಬಾಗಿಲು ಮುಚ್ಚಿ ನಾವು ಐವರೂ ಕತ್ತಲಲ್ಲಿ ಕೂತೆವು. ಈ ಸಲ ಅಪ್ಪ ಎಣಿಸಿದ. ನೂರರವರೆಗೂ ಕತ್ತಲೆ ಕತ್ತಲೆಯಾಗಿಯೇ ಇತ್ತು. “ತಪ್ಪಾತ್ರೀ ಅಮ್ಮಾರ,” ಎಂದ ಅಪ್ಪನ ಸ್ವರ ಕೇಳಿಸಿತು. ಮರುದಿನ ಬಸಣ್ಣ ಒಂದು ಟಿಕೆಟು ವಾಪಸು ಮಾಡಿ, ಗಂಗೆಯ ನೀರಿನ ಡಬ್ಬ ಹಿಡಿದು ಒಬ್ಬನೇ ಹೋದ.

ನನಗೆ ಯಾರೂ ಬೈಯಲಿಲ್ಲ. ಶೇಂಗಾ ಉಂಡಿಯೂ ನಿಲ್ಲಲಿಲ್ಲ. ಆದರೆ ಮುಂದಿನ ವಾರ ಗಲ್ಲಿಯಲ್ಲಿ ತರಕಾರಿಯವನ ಕೂಗು ಕೇಳಿ, ನಾನು ಪುಸ್ತಕ ಮುಚ್ಚಿ ಕಾದೆ. ಮೇಲಿನಿಂದ ಕರೆ ಬರಲಿಲ್ಲ. ಹೊರಗೆ ಬಂದು ನೋಡಿದರೆ ಅಜ್ಜಿ ತಾನೇ ಇಳಿದು ಗಾಡಿಯ ಮುಂದೆ ನಿಂತಿದ್ದಳು. “ಭಯ್ಯಾ, ಯೇ ಬೈಂಗನ್ ಖರಾಬ್. ವೋ ದೇ,” ಎಂದು ಹುಳುಕು ಬದನೆಕಾಯಿ ಬಿಟ್ಟು ಬೇರೆಯದನ್ನು ತೋರಿಸಿ ಕೇಳುತ್ತಿದ್ದಳು. ಗಾಡಿಯವನು ನಕ್ಕ, ಅಜ್ಜಿಯೂ ನಕ್ಕಳು. ನಾನು ಬಾಗಿಲ ಹಿಂದೆ ಸರಿದೆ. ಎಪ್ಪತ್ತು ದಾಟಿದ ಆಕೆ ಆ ಚಳಿಗಾಲದಿಂದ ಒಂದೊಂದೇ ಪದ ಕೂಡಿಸಿಕೊಂಡು, ತನ್ನ ಹಿಂದಿಯನ್ನು ತಾನೇ ಕಟ್ಟಿಕೊಂಡಳು. ಎರಡು ವರ್ಷಗಳಲ್ಲಿ ಡಾಕ್ಟರ ಜೊತೆ ಜಗಳವಾಡುವಷ್ಟು ಬಂತು. ನನ್ನನ್ನು ಕೂಗುವ ಅಗತ್ಯ ಮತ್ತೆ ಬೀಳಲಿಲ್ಲ.

ಆಕೆ ಬಯಸಿದಂತೆ ಕಾಶಿಯಲ್ಲೇ ತೀರಿಕೊಂಡಳು, ನಾನು ಕಾಲೇಜು ಸೇರಿದ ವರ್ಷ, ಭೇಲೂಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ. ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಹೋಗುವ ಹೊತ್ತಿಗೆ ಮುಗಿದಿತ್ತು. ಕೊನೆಗೆ ಏನಾದರೂ ಹೇಳಿದರೇ ಎಂದು ನರ್ಸನ್ನು ಕೇಳಿದೆ. ಪಕ್ಕದ ಹಾಸಿಗೆಯಾಕೆ ನಡುಗುತ್ತಿದ್ದುದನ್ನು ನೋಡಿ, ‘ನನಗೆ ಸೆಕೆಯಾಗುತ್ತಿದೆ, ನನ್ನ ಕಂಬಲ್ ಅವಳಿಗೆ ಕೊಡು’ ಎಂದರು, ಎಂದಳು ನರ್ಸು. ಹಿಂದಿಯಲ್ಲಿ ಹೇಳಿದ್ದಂತೆ, ಸ್ಪಷ್ಟವಾಗಿ.

ಆ ಮಾತನ್ನು ನಾನು ಎಷ್ಟೋ ಸಲ ಕನ್ನಡಕ್ಕೆ ತಿರುಗಿಸಿ ನೋಡಿದ್ದೇನೆ, ಅಜ್ಜಿಯ ಕನ್ನಡಕ್ಕೆ. ಹೊದಿಕೆಗೆ ಆಕೆ ಕೌದಿ ಎನ್ನುತ್ತಿದ್ದಳೋ, ಕಂಬಳಿ ಎನ್ನುತ್ತಿದ್ದಳೋ ನೆನಪಿಗೆ ಬರುವುದಿಲ್ಲ. ಅಪ್ಪನೂ ಮರೆತಿದ್ದಾನೆ. ಗಲ್ಲಿಯಲ್ಲಿ ಕೇಳೋಣವೆಂದರೆ, ಆ ಕನ್ನಡ ಆಡುವ ಅಜ್ಜಿಯರು ಈಗ ಅಲ್ಲಿ ಯಾರೂ ಉಳಿದಿಲ್ಲ.