ಕಿಟಕಿಯಿಂದ ಬಸ್ಸು ಹತ್ತಿದ ಫ್ರೆಂಚ್ ಕಾದಂಬರಿ

ಕಳ್ಳರ ವಿಷಯದಲ್ಲಿ ನನಗಿರುವಷ್ಟು ತಿಳಿವಳಿಕೆ ಕಲಬುರಗಿಯ ನಮ್ಮ ಓಣಿಯಲ್ಲಿ ಬೇರೆ ಯಾರಿಗೂ ಇಲ್ಲ. ಕಳ್ಳರ ಭಯವೂ ನನಗಿರುವಷ್ಟು ಇನ್ಯಾರಿಗೂ ಇಲ್ಲ. ಇದಕ್ಕೆ ಕಾರಣ ಒಂದು ಫ್ರೆಂಚ್ ಕಾದಂಬರಿ. ನೌಕರಿಯಿಂದ ನಿವೃತ್ತರಾದವರು ವಾಕಿಂಗಿಗೆ ಹೋಗುತ್ತಾರೆ, ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುತ್ತಾರೆ. ನಾನು ಇಂಗ್ಲಿಷಿನಲ್ಲಿ ಸಿಕ್ಕ ಆ ದಪ್ಪ ಕಾದಂಬರಿಯನ್ನು ಕನ್ನಡಕ್ಕೆ ತರಲು ಕೂತೆ. ಎರಡು ವರ್ಷ ಹಿಡಿಯಿತು.

ಅದರಲ್ಲಿ ಮೇಲಿನ ಮಹಡಿಯಲ್ಲಿ ಸರದಾರರ ಔತಣ, ನೆಲಮಾಳಿಗೆಯಲ್ಲಿ ಕಿಸೆಗಳ್ಳರ ಬೈಠಕ್ಕು. ಬರೆದವನು ಕಟ್ಟಾ ವಾಸ್ತವವಾದಿ. ಒಂದು ಬಾಗಿಲು ತೆರೆಯಬೇಕಾದರೆ ಮೊದಲು ಅದರ ಚಿಲಕಕ್ಕೇ ಎರಡು ಪುಟ ಕೊಡುತ್ತಾನೆ. ಒಂದು ಅಧ್ಯಾಯದಲ್ಲಿ ಅರಮನೆಯ ಹಿಂದಿನ ಮೆಟ್ಟಿಲ ಮೇಲೆ ಒಬ್ಬ ಸರದಾರನೂ ಒಬ್ಬ ಕಳ್ಳನೂ ಎದುರಾಗುತ್ತಾರೆ. ಇಬ್ಬರದೂ ಒಂದೇ ನಮೂನೆಯ ಉಡುಪು. ಯಾರು ಯಾರಿಗೆ ನಮಸ್ಕಾರ ಮಾಡಬೇಕೆಂದು ಇಬ್ಬರಿಗೂ ತಿಳಿಯುವುದಿಲ್ಲ. ಆ ಅಧ್ಯಾಯ ಮುಗಿಸಿದ ದಿನದಿಂದ ನನಗೊಂದು ರೋಗ ಅಂಟಿತು. ಇಸ್ತ್ರಿ ಅಂಗಿ ತೊಟ್ಟವರು ಹತ್ತಿರ ಬಂದರೆ ಸಾಕು, ನನ್ನ ಕೈ ತಾನಾಗಿ ಕಿಸೆಗೆ ಹೋಗುತ್ತಿತ್ತು. ಬಸವ ಜಯಂತಿಯ ಚಂದಾ ಪಟ್ಟಿ ಎತ್ತಲು ಬಂದ ಹಿರಿಯರನ್ನೂ ನಾನು ಬಾಗಿಲ ಸರಪಳಿ ತೆಗೆಯದೆ ಮಾತಾಡಿಸಿ ಕಳಿಸಿದ್ದೇನೆ.

ಹಸ್ತಪ್ರತಿ ಮುಗಿದಾಗ ಹೆಂಡತಿ ಹೇಳಿದಳು, "ಮೊದಲ ಒಂದು ಜೆರಾಕ್ಸ್ ಮಾಡಸ್ರಿ."

"ಅಂಗಡಿಯವ ಇನ್ನೊಂದು ಪ್ರತಿ ತಕ್ಕೊಂಡು ತನ್ನ ಹೆಸರಿಲೆ ಛಾಪಿಸಿದ್ರ?"

"ಅವನಿಗಿ ಅಷ್ಟು ಪುರಸತ್ತು ಇದ್ದಿದ್ರ ನಮ್ಮ ಆಧಾರ್ ಕಾರ್ಡ್ ಉಲ್ಟಾ ಯಾಕ ತೆಗೀತಿದ್ದ?" ಎಂದು ಅವಳು ಒಳಗೆ ಹೋದಳು. ನಾನು ಮಾಡಿಸಲಿಲ್ಲ. ಹೀಗೆ ಕಳ್ಳತನದ ಭಯದಿಂದಲೇ ನನ್ನ ಎರಡು ವರ್ಷ ಒಂದೇ ಒಂದು ಪ್ರತಿಯಾಗಿ, ಒಂದು ನೀಲಿ ಕೈಚೀಲದಲ್ಲಿ ಉಳಿಯಿತು.

ಕಮಲಾಪುರದಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ಮಾಸ್ತರಿಕೆ ಮುಗಿಸಿ ಕೆಂಪು ಬಾಳೆ ಬೆಳೆಯುತ್ತಾನೆ, ನನ್ನ ಕೈಬರಹ ಓದಬಲ್ಲ ಏಕೈಕ ಮನುಷ್ಯ. ಅವನಿಗೆ ತೋರಿಸಿ ಬರೋಣವೆಂದು ಬೆಳಿಗ್ಗೆ ಚೀಲ ಎದೆಗವಚಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಅಂದು ಕಮಲಾಪುರದ ಸಂತೆ. ಬಸ್ಸು ಬಂದದ್ದೇ ತಡ, ಜನ ಮುಕುರಿದರು. ನಮ್ಮ ಕಡೆ ಸೀಟು ಹಿಡಿಯುವ ರೀತಿ ನಿಮಗೆ ಗೊತ್ತೇ ಇದೆ. ಹೊರಗಿನಿಂದಲೇ ಕಿಟಕಿಯೊಳಗೆ ಟವೆಲ್ಲೋ ಟೋಪಿಯೋ ಎಸೆದರೆ ಆ ಸೀಟು ನಮ್ಮದು. ಸುತ್ತ ಎಲ್ಲರ ಕೈಗಳೂ ಮೇಲೆದ್ದವು. ನನ್ನ ಕೈಯೂ ಎದ್ದಿತು. ಟವೆಲ್ ಇರಲಿಲ್ಲ.

ಚೀಲ ಕಿಟಕಿಯೊಳಗೆ ಹೋದ ಮರುಗಳಿಗೆ ನನಗೆ ಎಚ್ಚರವಾಯಿತು. ಬಾಗಿಲ ಕಡೆ ನುಗ್ಗಿದೆ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ, ಯಾರದೋ ಜೋಳದ ಚೀಲ ನನ್ನನ್ನು ಹಿಂದಕ್ಕೆ ತಳ್ಳಿತು. ಸೀಟಿ ಕೇಳಿಸಿತು. ನನ್ನ ಕಾದಂಬರಿ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಹೊರಟುಹೋಯಿತು, ನಾನು ಹೊಗೆಯಲ್ಲಿ ನಿಂತಿದ್ದೆ.

ಕಂಟ್ರೋಲರ್ ಫೋನ್ ಮಾಡಿ ನೋಡಿದ. "ಡ್ರೈವರ್ ಎತ್ತಾಕತ್ತಿಲ್ರಿ. ಹಿಂದಿನ ಗಾಡಿ ಹಿಡೀರಿ. ಚೀಲದಾಗ ಏನದ?"

"ಏನಿಲ್ಲ, ಕಾಗದ," ಎಂದೆ. ಬೆಲೆ ಹೇಳಿದರೆ ಪಕ್ಕದಲ್ಲಿದ್ದವರು ಕೇಳಿಸಿಕೊಂಡಾರು ಎಂದು ಆಗಲೂ ಅಂಜಿಕೆ.

ಹಿಂದಿನ ಬಸ್ಸು ಹತ್ತಿದೆ. ಆ ಒಂದು ತಾಸು ಹೇಗೆ ಕಳೆಯಿತೆಂದು ಕೇಳಬೇಡಿ. ಎಂಥೆಂಥ ಕಳ್ಳರನ್ನು ನಾನೇ ಕನ್ನಡಕ್ಕೆ ಕರೆತಂದಿದ್ದೆ! ಅವರೆಲ್ಲ ಮುಂದೆ ಹೋದ ಆ ಬಸ್ಸಿನಲ್ಲಿ ಸಂತೆಗೆ ಹೊರಟಂತೆ ಕಂಡರು. ಒಬ್ಬ ಚೀಲದ ಜಿಪ್ಪು ತೆಗೆಯುತ್ತಾನೆ, ಹಣವಿಲ್ಲವೆಂದು ಸಿಟ್ಟಾಗಿ ಹಾಳೆಗಳನ್ನು ಕಿಟಕಿಯಿಂದ ತೂರುತ್ತಾನೆ. ದಾರಿಯುದ್ದಕ್ಕೂ ತೊಗರಿ ಹೊಲಗಳಲ್ಲಿ ಬಿಳಿಯದೇನು ಕಂಡರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಹೆಚ್ಚಿನವು ಕೊಕ್ಕರೆಗಳು. ಈ ವಯಸ್ಸಿನಲ್ಲಿ ಇನ್ನೊಮ್ಮೆ ಅಷ್ಟು ಪುಟ ಬರೆಯಲು ನನ್ನಿಂದಾಗುವುದಿಲ್ಲ. ಅದು ಹೋದರೆ ಹೋಯಿತು. ಹೀಗೆಂದುಕೊಂಡಾಗ ಅಳು ಬಂತು, ಪಕ್ಕದವರಿಗೆ ಕಾಣದಂತೆ ಕನ್ನಡಕ ಒರೆಸಿಕೊಂಡೆ.

ಕಮಲಾಪುರದಲ್ಲಿ ಆ ಬಸ್ಸು ಖಾಲಿಯಾಗಿ ನಿಂತಿತ್ತು. ಓಡಿದೆ. ಮೂರನೆಯ ಕಿಟಕಿಯ ಸೀಟಿನಲ್ಲಿ ನೀಲಿ ಚೀಲ, ಎಸೆದಾಗ ಬಿದ್ದ ಹಾಗೆಯೇ, ಒಂದು ಕಿವಿ ಮೇಲೆ ಮಾಡಿಕೊಂಡು ಕೂತಿತ್ತು. ಅದರ ಪಕ್ಕದಲ್ಲಿ, ಕಂಬಿ ಹಿಡಿದು, ಕಾಲ ಬಳಿ ಬುಟ್ಟಿ ಇಟ್ಟುಕೊಂಡು ಒಬ್ಬ ಮುದುಕಿ ನಿಂತಿದ್ದಳು.

"ನಿಂದೇನೋ ಯಪ್ಪಾ ಚೀಲ?" ಎಂದಳು. "ಬಂದ್ಯಲ್ಲ! ಎಲ್ಲಿ ಗಾಲಿ ಕೆಳಗ ಬಿದ್ದ್ಯೋ ಅಂತ ನನ್ನ ಜೀವ ಹಾರಿತ್ತು. ಎಲ್ರೂ ಇಳದು ಹ್ವಾದ್ರು. ನಾನೂ ಹ್ವಾದ್ರ ಇದನ್ನ ನೋಡವ್ರು ಯಾರು?"

"ಅವ್ವಾ, ನೀವು ಕಲಬುರಗಿಯಿಂದ ನಿಂತೇ ಬಂದ್ರೇನು? ಇಲ್ಲಿ ಕೂಡ್ರಬೇಕಿಲ್ಲ?"

"ಹ್ಯಾಂಗ ಕೂಡ್ಲಿ? ಯಾರದೋ ಸೀಟು ಅದ. ಒಬ್ಬ ಕೂಡಾಕ ಬಂದಿದ್ದ, ಸೀಟು ಹಿಡದವ್ರು ಹಿಂದಿಂದ ಬರ್ಲತಾರ ಅಂತ ಬೈದು ಕಳಿಸೀನಿ." ಮಾತಾಡುತ್ತಾ ಆಕೆ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು.

ಆ ಬಸ್ಸಿನಲ್ಲಿ ಒಬ್ಬ ಕಳ್ಳನಿದ್ದದ್ದು ನಿಜ. ಊರಿಂದೂರಿಗೆ ಒಬ್ಬ ಮುದುಕಿಯ ಸೀಟು ಕದ್ದವನು, ಅದೂ ತಾನು ಬಸ್ಸಿನಲ್ಲಿ ಇಲ್ಲದೆಯೇ. ನನಗೆ ಬಹಳ ನಾಚಿಕೆಯಾಯಿತು. ಮೆಟ್ಟಿಲ ಮೇಲಿನ ಸರದಾರನ ಸಂಕಟ ನನಗಿರಲಿಲ್ಲ. ಯಾರು ಯಾರಿಗೆ ನಮಸ್ಕಾರ ಮಾಡಬೇಕೆಂದು ಚೆನ್ನಾಗಿ ಗೊತ್ತಿತ್ತು, ಮಾಡಿದೆ.

"ಅದರಾಗ ಏನದ?" ಎಂದು ಕೇಳಿದಳು.

"ಕಳ್ಳರ ಕತಿ, ಅವ್ವಾ."

"ಕಳ್ಳರ ಕತಿಗೇನೋ ನಾ ಇಷ್ಟು ಕಾವಲಿದ್ದಿದ್ದು!" ಎಂದು ನಗುತ್ತಾ ಬುಟ್ಟಿ ಎತ್ತಲು ಬಾಗಿದಳು. ಸಂತೆಯವರೆಗೆ ಬುಟ್ಟಿಯನ್ನು ನಾನು ಹೊತ್ತೆ.

ಹಸ್ತಪ್ರತಿಯನ್ನು ಗೆಳೆಯನಿಗೆ ಕೊಟ್ಟು ಸಂಜೆಗೆ ಹಿಂದಿರುಗಿದೆ. ಬಸ್ಸಿನಲ್ಲಿ ಮತ್ತೆ ನಿಲ್ಲಲೂ ಜಾಗವಿಲ್ಲ. ನನ್ನೆದುರಿನ ಸೀಟಿನಲ್ಲಿ ಮಾತ್ರ ಒಂದು ಕೆಂಪಂಚಿನ ಟವೆಲ್ ಕೂತಿತ್ತು. ಊರು ದಾಟಿತು, ಟವೆಲ್ಲಿನ ಒಡೆಯ ಬರಲಿಲ್ಲ. ನನಗೆ ಪುನಃ ಅಂಜಿಕೆ ಶುರುವಾಯಿತು, ಆದರೆ ಈ ಸಲ ಬೇರೆ ಥರದ್ದು. ಪಾಪ, ನೂಕಾಟದಲ್ಲಿ ಬಿದ್ದನೋ, ಏನಾಯಿತೋ! ಇಬ್ಬರು ಕೂಡ್ರಲು ಬಂದರು. "ಯಾರೋ ಹಿಡದಾರ್ರೀ, ಬರ್ತಾರ," ಎಂದೆ. ಕಲಬುರಗಿಯಲ್ಲಿ ಎಲ್ಲರೂ ಇಳಿದ ಮೇಲೆ ಟವೆಲ್ ಹಿಡಿದುಕೊಂಡು ಸ್ಟ್ಯಾಂಡಿನಲ್ಲಿ ಕಾದೆ. ಹೆಂಡತಿ ಫೋನ್ ಮಾಡಿದಳು.

"ಎಲ್ಲಿದ್ದೀರಿ?"

"ಸ್ಟ್ಯಾಂಡಿನಾಗ. ಒಬ್ಬರು ಬರೋದದ."

"ಯಾರು?"

"ಗೊತ್ತಿಲ್ಲ."

ಅವಳು ಫೋನ್ ಇಟ್ಟಳು. ಮುಂದಿನ ಬಸ್ಸಿನಿಂದ ಒಬ್ಬ ಏದುಸಿರು ಬಿಡುತ್ತಾ ಇಳಿದು, ಅತ್ತಿತ್ತ ನೋಡಿ, ನೇರ ನನ್ನೆದುರು ಬಂದು ನಿಂತ. ಕೈಕಾಲು ನೆಟ್ಟಗಿದ್ದವು. ನನ್ನ ಜೀವ ತಂಪಾಯಿತು.

"ಈ ಟವೆಲ್ ನಿಮ್ಮ ಕೈಯಾಗ ಹ್ಯಾಂಗ ಬಂತ್ರಿ?" ಎಂದು ಕೇಳಿ ಅದನ್ನು ಇಸಿದುಕೊಂಡ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ನೋಡುತ್ತಾ ನೋಡುತ್ತಾ ಅವನ ಕೈ ಮೆಲ್ಲಗೆ ತನ್ನ ಕಿಸೆಗೆ ಹೋಯಿತು.

ನಾನು ಅಂದು ಇಸ್ತ್ರಿ ಅಂಗಿ ತೊಟ್ಟಿದ್ದೆ.