ಎದೆಯ ನಡುವೆ ಬೆಳ್ಳಗೆ

ನನ್ನ ಮೊಮ್ಮಗಳ ಕ್ಷಯ ಪೂರ್ತಿ ವಾಸಿಯಾಯಿತು! ಎಷ್ಟು ಸಲ ಹೇಳಿದರೂ ನನಗೆ ಸಾಲದು. ನನ್ನ ತಂಗಿ ಇದೇ ಕಾಯಿಲೆಯಲ್ಲಿ ಹೋದಾಗ ಹಾಲು, ಬಿಸಿಲು ಬಿಟ್ಟರೆ ಮದ್ದೇ ಇರಲಿಲ್ಲ. ಇವಳಿಗೆ ಬಂದದ್ದು ಕೊಡಗು ಮೈಸೂರಿಗೆ ಸೇರಿದ ಹೊಸತರಲ್ಲಿ. ಅಷ್ಟರಲ್ಲಿ ಹೊಸದಾಗಿ ಕಂಡುಹಿಡಿದ ಸೂಜಿಮದ್ದು, ಮಾತ್ರೆಗಳು ಮಡಿಕೇರಿಗೂ ಬಂದಿದ್ದವು.

ಒಂದೂವರೆ ವರ್ಷ ಅವಳನ್ನು ಒರಗಿಸಿಕೊಂಡು ಸೋಮವಾರಪೇಟೆಯಿಂದ ಬಸ್ಸಿನಲ್ಲಿ ಹೋಗಿ ಬಂದು ನಾನು ಸೋತು ಸುಣ್ಣವಾಗಿದ್ದೆ. ಎಕ್ಸರೇ ತೆಗೆಯುವ ಮೊದಲು ಅವಳ ಕೊರಳಿನ ಲಿಂಗವನ್ನು ತೋಳಿಗೆ ಕಟ್ಟುವುದು ನನ್ನ ಕೆಲಸ. ಕೊನೆಯ ಸಲ ಬೆಂಚಿನ ಮೇಲೆ ತೂಕಡಿಸಿ ಮರೆತೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರೆ ಎದೆಯ ನಡುವೆ ನಿಂಬೆಹಣ್ಣಿನಷ್ಟು ಬೆಳ್ಳಗೆ!

“ಅಯ್ಯೋ ಶಿವನೇ, ಗಡ್ಡೆ ಬೆಳೆದುಬಿಟ್ಟಿದೆ!” ಎಂದು ಅಲ್ಲೇ ಕುಸಿದೆ.

“ಗಡ್ಡೆ ಅಲ್ಲ ಅಜ್ಜಿ, ನೀವು ಕರೆದ್ರಲ್ಲ, ಆ ಶಿವನೇ. ಲಿಂಗದ ಬೆಳ್ಳಿ ಕರಡಿಗೆ ಕಾಣ್ತಿದೆ. ತೋಳಿಗೆ ಕಟ್ಟಿ, ಇನ್ನೊಂದು ತೆಗೆಯೋಣ,” ಎಂದು ಡಾಕ್ಟರು ನಕ್ಕರು.

“ನಿದ್ದೆ ಹೊಡ್ದೋಳು ನೀನು, ಅಳೋಳೂ ನೀನೇಯಾ? ಏಳಜ್ಜಿ,” ಎಂದಳು ಮೊಮ್ಮಗಳು. ಕೊರಳಿನ ದಾರ ಬಿಚ್ಚಿ ತೋಳನ್ನು ನನ್ನತ್ತ ಚಾಚಿದಳು.

ಎರಡನೆಯ ಫಿಲ್ಮ್ ಬರುವ ತನಕ ನಾನು ಕೂರಲಿಲ್ಲ. ಅದರಲ್ಲಿ ಎದೆ ಶುಭ್ರವಾಗಿತ್ತು. “ಇನ್ನು ಎಲ್ಲರ ಜೊತೆ ಉಣ್ಣಬಹುದಾ?” ಎಂದು ಅವಳು ಕೇಳಿದಳು. “ಧಾರಾಳವಾಗಿ” ಎಂದರು ಡಾಕ್ಟರು.

ಅಷ್ಟು ದಿನ ಜಗಲಿಯಲ್ಲಿ ಒಬ್ಬಳೇ ಉಂಡವಳು ಅಂದು ಸಂಜೆ ಅಪ್ಪ, ಅಮ್ಮ, ತಮ್ಮಂದಿರ ಸಾಲಿನಲ್ಲಿ ಕೂತಳು. ಅಕ್ಕಿರೊಟ್ಟಿ, ಕಳಲೆ ಪಲ್ಯ. ನಾನು ಗೋಡೆಗೊರಗಿ ಅವಳ ಪಕ್ಕದಲ್ಲೇ ಉಂಡೆ.